ಸತೀಶ್ ಧವನ್

ಸತೀಶ್ ಧವನ್ (25 ಸೆಪ್ಟೆಂಬರ್ 1920 – 3 ಜನವರಿ 2002) ಭಾರತದ ಪ್ರಸಿದ್ಧ ವೈಮಾನಿಕ ವಿಜ್ಞಾನಿ. ಬೆಂಗಳೂರನ್ನು ಕರ್ಮಭೂಮಿಯಾಗಿಸಿಕೊಂಡ ಇವರು 1972ರಿಂದ 1984ರವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಅಧ್ಯಕ್ಷರಾಗಿದ್ದರು. ಸ್ವದೇಶಿ ಉಪಗ್ರಹದಿಂದ ಸಮುದ್ರವನ್ನು ಅವಲೋಕಿಸುವ ಕಾರ್ಯ ಆರಂಭವಾದದ್ದು ಇವರ ಅವಧಿಯಲ್ಲಿ.

ಜನನ ಮತ್ತು ಶಿಕ್ಷಣ

ಶ್ರೀನಗರದಲ್ಲಿ ಜನಿಸಿದ ಧವನ್, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಭ್ಯಾಸ ಮಾಡಿದರು. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದರು.

ವೃತ್ತಿಜೀವನ

1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಧವನ್, ಮುಂದೆ ಅದರ ನಿರ್ದೇಶಕರಾಗಿ 1981ರವರೆಗೆ ಸೇವೆ ಸಲ್ಲಿಸಿದರು. ಈ ಹುದ್ದೆಯನ್ನು ಬಿಡದೆಯೇ ಇಸ್ರೋ ಹೊಣೆಯನ್ನು ವಹಿಸಿಕೊಂಡರು. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಗೊಂಡಿತು. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ರಾಕೆಟ್ ವಿಫಲವಾದಾಗ ಅದರ ಹೊಣೆಯನ್ನು ತಾವೇ ಹೊತ್ತರು. 1980ರಲ್ಲಿ ಯಶಸ್ಸು ಬಂದಾಗ ಎ. ಪಿ. ಜೆ. ಅಬ್ದುಲ್ ಕಲಾಂ ಅವರನ್ನು ಮುಂದೆ ನಿಲ್ಲಿಸಿದರು.

ಸಾಗರ ಅವಲೋಕನ

ಬೆಂಗಳೂರಿನಲ್ಲಿ ನಿರ್ಮಾಣಗೊಂಡ ಭಾಸ್ಕರ-1 ಉಪಗ್ರಹವನ್ನು 1979ರ ಜೂನ್ 7ರಂದು ಸೋವಿಯತ್ ರಾಕೆಟ್ ಕಕ್ಷೆಗೆ ಸೇರಿಸಿತು. ಅದರ ಕ್ಯಾಮೆರಾಗಳನ್ನು ಮೊದಮೊದಲು ಬಳಸಲಾಗಲಿಲ್ಲ. ಆದರೆ ಸಮುದ್ರದಿಂದ ಹೊಮ್ಮುವ ಸೂಕ್ಷ್ಮತರಂಗಗಳನ್ನು ಅಳೆಯುವ ‘ಸಮೀರ್’ ಉಪಕರಣವು ಸಾಗರದ ಸ್ಥಿತಿ ಮತ್ತು ವಾತಾವರಣದ ನೀರಾವಿಯ ಮಾಹಿತಿ ನೀಡಿತು. 1981ರಲ್ಲಿ ಭಾಸ್ಕರ-2 ಈ ಕಾರ್ಯವನ್ನು ಮುಂದುವರಿಸಿತು.

ಗಣಕ ಮಾದರಿಗಳು ನಾಳಿನ ಅಲೆ, ಪ್ರವಾಹಗಳನ್ನು ಲೆಕ್ಕ ಹಾಕಬೇಕಾದರೆ ಸಮುದ್ರದ ಇಂದಿನ ಸ್ಥಿತಿ ತಿಳಿದಿರಬೇಕು. ಹಡಗು ಮತ್ತು ತೇಲುಯಂತ್ರಗಳು ತಲುಪದ ವಿಶಾಲ ಜಲರಾಶಿಯಲ್ಲಿ ಈ ಕೊರತೆಯನ್ನು ಉಪಗ್ರಹಗಳು ತುಂಬುತ್ತವೆ. ಸೂಕ್ಷ್ಮತರಂಗಗಳಿಗೆ ಮೋಡವಾಗಲಿ ಇರುಳಾಗಲಿ ಹೆಚ್ಚಿನ ಅಡ್ಡಿಯಲ್ಲ. ತೆರೆದ ನೀರಿಗಿಂತ ಸಮುದ್ರದ ಹಿಮ ಈ ತರಂಗಗಳನ್ನು ಹೆಚ್ಚು ಹೊಮ್ಮಿಸುವುದರಿಂದ, ಧ್ರುವಪ್ರದೇಶದ ಹಿಮದ ವಿಸ್ತಾರವನ್ನೂ ಗುರುತಿಸಬಹುದು. 1999ರ ಮೇ 26ರಂದು ಶ್ರೀಹರಿಕೋಟಾದಿಂದ ಉಡಾಯಿಸಿದ ಓಷನ್‌ಸ್ಯಾಟ್-1 ಇಂತಹ ಉಪಕರಣವನ್ನು ಹೊಂದಿತ್ತು. ಅದರ ದತ್ತಾಂಶದಿಂದ ಅಂಟಾರ್ಕ್ಟಿಕಾದ ಸಮುದ್ರ ಹಿಮದ ಅಧ್ಯಯನವೂ ನಡೆಯಿತು. ಇಂದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನುಗಾರರಿಗೆ ಅಲೆಗಳ ಮುನ್ಸೂಚನೆ ಮತ್ತು ಮೀನು ದೊರೆಯಬಹುದಾದ ವಲಯಗಳ ಮಾಹಿತಿ ನೀಡುತ್ತಿದೆ.

ಗೌರವ ಮತ್ತು ನಿಧನ

1981ರಲ್ಲಿ ಪದ್ಮವಿಭೂಷಣ ಪುರಸ್ಕಾರಕ್ಕೆ ಪಾತ್ರರಾದ ಧವನ್, ಹಕ್ಕಿಗಳ ಹಾರಾಟವನ್ನು ಕುರಿತೂ ಗ್ರಂಥ ರಚಿಸಿದರು. ಅವರು ಬೆಂಗಳೂರಿನಲ್ಲಿ ನಿಧನರಾದರು. 2002ರಲ್ಲಿ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.