ಕೈ ತೊಳೆಯಲು ಕಲಿಸಿದ ವೈದ್ಯ ಸೆಮ್ಮೆಲ್‌ವೈಸ್

ಹೊಣೆಯಿಂದ ಜಾರಿಕೊಂಡವನನ್ನು ಕುರಿತು ಅವನು ಕೈ ತೊಳೆದುಕೊಂಡ ಎನ್ನುವುದು ನಮ್ಮ ಆಡುಮಾತಿನ ರೂಢಿ. ಪಿಲಾತನು ಜನಸಮೂಹದ ಮುಂದೆ ನೀರು ತರಿಸಿ ಕೈ ತೊಳೆದುಕೊಂಡ ಪ್ರಸಂಗವನ್ನು ಸಂತ ಮತ್ತಾಯರ ಶುಭಸಂದೇಶದಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೆ ಹೊಣೆಯನ್ನು ಒಪ್ಪಿಕೊಂಡು ಕೈ ತೊಳೆದ ವೈದ್ಯರೊಬ್ಬರೂ ಚರಿತ್ರೆಯಲ್ಲಿದ್ದಾರೆ. ಅವರೇ ಇಗ್ನಾಜ್ ಸೆಮ್ಮೆಲ್‌ವೈಸ್. ಗುರುಮಠದಲ್ಲಿ ತತ್ವಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ದಿನಗಳಲ್ಲಿ, ಸತ್ಯವನ್ನು ಶೋಧಿಸುವ ಕ್ರಮಕ್ಕೆ ಉದಾಹರಣೆಯಾಗಿ ಅವರ ಹೆಸರನ್ನು ನಾವು ಮೊದಲು ಕೇಳಿದೆವು.

ಸೆಮ್ಮೆಲ್‌ವೈಸರು 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದಲ್ಲಿ, ದಿನಸಿ ವ್ಯಾಪಾರಿಯೊಬ್ಬರ ಹತ್ತು ಮಕ್ಕಳಲ್ಲಿ ಐದನೆಯವರಾಗಿ ಜನಿಸಿದರು. ಕಾನೂನು ಓದಲೆಂದು 1837ರಲ್ಲಿ ವಿಯೆನ್ನಾಕ್ಕೆ ಹೋದವರು ಮರುವರ್ಷವೇ ವೈದ್ಯಶಾಸ್ತ್ರದತ್ತ ತಿರುಗಿದರು. 1846ರಲ್ಲಿ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯ ಒಂದನೆಯ ಹೆರಿಗೆ ವಿಭಾಗಕ್ಕೆ ಸಹಾಯಕ ವೈದ್ಯರಾಗಿ ನೇಮಕಗೊಂಡರು.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೂ ಎರಡನೆಯದರಲ್ಲಿ ಸೂಲಗಿತ್ತಿಯರಿಗೂ ತರಬೇತಿ ನಡೆಯುತ್ತಿತ್ತು. 1841ರಿಂದ 1846ರವರೆಗೆ ಒಂದನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು 10 ಮಂದಿ ತಾಯಂದಿರು ಮೃತರಾದರೆ, ಎರಡನೆಯದರಲ್ಲಿ ಸತ್ತವರು ನೂರಕ್ಕೆ ಸುಮಾರು 4 ಮಂದಿ ಮಾತ್ರ. ಹೆಚ್ಚಿನವರನ್ನು ಬಲಿ ತೆಗೆದುಕೊಳ್ಳುತ್ತಿದ್ದುದು ಬಾಣಂತಿ ಜ್ವರ. ಅಲ್ಲಿಗೆ ಬರುತ್ತಿದ್ದವರು ಬಡ ಸ್ತ್ರೀಯರು. ಒಂದನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬಾರದೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರು ಕೂಡ ಅಲ್ಲಿ ಹೆತ್ತವರಿಗಿಂತ ಹೆಚ್ಚು ಸುರಕ್ಷಿತರಾಗಿದ್ದರು.

ಈ ವ್ಯತ್ಯಾಸಕ್ಕೆ ಕಾರಣವೇನು? ಸೆಮ್ಮೆಲ್‌ವೈಸರು ಒಂದೊಂದೇ ಊಹೆಯನ್ನು ತೆಗೆದುಕೊಂಡು ಪರೀಕ್ಷಿಸಿದರು. ಕೆಟ್ಟ ಗಾಳಿಯೆನ್ನೋಣವೆಂದರೆ ಎರಡೂ ವಿಭಾಗಗಳಿಗೆ ಬೀಸುವುದು ಒಂದೇ ಗಾಳಿ. ಜನಸಂದಣಿಯೆನ್ನೋಣವೆಂದರೆ ಎರಡನೆಯ ವಿಭಾಗದಲ್ಲೇ ಸಂದಣಿ ಹೆಚ್ಚು. ಹೆರಿಗೆಯ ವೇಳೆ ಮಲಗುವ ಭಂಗಿಯನ್ನು ಬದಲಿಸಿ ನೋಡಿದರೂ ಸಾವು ತಗ್ಗಲಿಲ್ಲ. ಸಾಯುತ್ತಿದ್ದವರಿಗೆ ಸಂಸ್ಕಾರಗಳನ್ನು ನೀಡಲು ಹೋಗುವ ಧರ್ಮಗುರುಗಳು ಒಂದನೆಯ ವಿಭಾಗದಲ್ಲಿ ಹಲವು ಕೋಣೆಗಳನ್ನು ಹಾದುಹೋಗಬೇಕಿತ್ತು. ಅವರ ಮುಂದೆ ಸೇವಕನು ಗಂಟೆ ಬಾರಿಸುತ್ತಾ ನಡೆಯುತ್ತಿದ್ದ. ಆ ಸದ್ದಿಗೆ ಹೆದರಿಯೇ ತಾಯಂದಿರು ಜ್ವರಕ್ಕೆ ತುತ್ತಾಗುತ್ತಾರೋ ಎಂಬ ಸಂದೇಹವೂ ಇತ್ತು. ಸೆಮ್ಮೆಲ್‌ವೈಸರ ವಿನಂತಿಯಂತೆ ಧರ್ಮಗುರುಗಳು ಗಂಟೆಯಿಲ್ಲದೆ ಬೇರೆ ದಾರಿಯಿಂದ ಹೋದರು. ಆದರೂ ಸಾವು ನಿಲ್ಲಲಿಲ್ಲ.

1847ರ ಮಾರ್ಚ್‌ನಲ್ಲಿ ಅವರ ಮಿತ್ರರಾದ ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿ ನಂಜೇರಿತ್ತು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದ ಲಕ್ಷಣಗಳೇ ಆಗಿದ್ದವು. ಸೆಮ್ಮೆಲ್‌ವೈಸರಿಗೆ ಸತ್ಯ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಕೊಯ್ದ ಕೈಗಳಿಂದಲೇ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವಪರೀಕ್ಷೆಗೆ ಹೋಗುತ್ತಿರಲಿಲ್ಲ. ಮರಣವನ್ನು ಹೊತ್ತು ತರುತ್ತಿದ್ದುದು ಗುಣಪಡಿಸಬೇಕಾಗಿದ್ದ ಕೈಯೇ. ಇತರರಿಗಿಂತ ಹೆಚ್ಚು ಶವಪರೀಕ್ಷೆ ನಡೆಸಿದ್ದ ತಾವೇ ಈ ಸಾವುಗಳಿಗೆ ಹೆಚ್ಚು ಕಾರಣರೆಂಬುದನ್ನು ಅವರು ಮರೆಮಾಚದೆ ಒಪ್ಪಿಕೊಂಡರು.

ಮೇ ತಿಂಗಳಲ್ಲಿ ಅವರು ಬ್ಲೀಚಿಂಗ್ ಪೌಡರಿನ ನೀರನ್ನು ವಿಭಾಗದ ಬಾಗಿಲಲ್ಲಿ ಇರಿಸಿ, ಕೈ ತೊಳೆಯದೆ ಯಾರೂ ಒಳಬರಬಾರದೆಂದು ವಿಧಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. 1848ರ ಇಡೀ ವರ್ಷದಲ್ಲಿ 3,556 ತಾಯಂದಿರಲ್ಲಿ ಮೃತರಾದವರು 45 ಮಂದಿ.

ಇದರ ನಡುವೆ ಅವರು ಇನ್ನೂ ಎರಡು ಪಾಠಗಳನ್ನು ಕಲಿತರು. 1847ರ ಅಕ್ಟೋಬರ್‌ನಲ್ಲಿ ಗರ್ಭಕೋಶದ ಕ್ಯಾನ್ಸರ್ ಇದ್ದ ಸ್ತ್ರೀಯೊಬ್ಬಳು ದಾಖಲಾದಳು. ಆಕೆಯನ್ನು ಪರೀಕ್ಷಿಸಿದ ಬಳಿಕ ವೈದ್ಯರು ಬರಿಯ ಸಾಬೂನಿನಿಂದ ಕೈ ತೊಳೆದು ಮುಂದಿನವರನ್ನು ಪರೀಕ್ಷಿಸಿದರು. ಜೊತೆಗೆ ಹೆತ್ತ 12 ಮಂದಿಯಲ್ಲಿ 11 ಮಂದಿ ಅಸುನೀಗಿದರು. ಜೀವಂತ ರೋಗಿಯಿಂದಲೂ ನಂಜು ಹರಡುವುದೆಂದು ಅರಿತ ಅವರು ಪ್ರತಿಯೊಬ್ಬ ರೋಗಿಯ ನಡುವೆಯೂ ಔಷಧದ ನೀರಿನಲ್ಲಿ ಕೈ ತೊಳೆಯಬೇಕೆಂದರು. ಮರುತಿಂಗಳು ಮೊಣಕಾಲಿನ ಹುಣ್ಣು ಕೀವು ಸುರಿಸುತ್ತಿದ್ದ ಸ್ತ್ರೀಯಿಂದ ಮತ್ತೆ ಸಾವುಗಳು ಸಂಭವಿಸಿದಾಗ, ಅಂಥವರನ್ನು ಪ್ರತ್ಯೇಕವಾಗಿ ಇರಿಸಬೇಕೆಂಬುದನ್ನು ಕಂಡುಕೊಂಡರು.

ಆದರೆ ತಮ್ಮ ಕೈಗಳೇ ಕೊಲ್ಲುತ್ತಿವೆಯೆಂಬ ಮಾತನ್ನು ಹಲವು ಪ್ರಾಧ್ಯಾಪಕರು ಸಹಿಸಲಿಲ್ಲ. 1849ರಲ್ಲಿ ಸೆಮ್ಮೆಲ್‌ವೈಸರ ನೇಮಕಾತಿ ಮುಂದುವರಿಯಲಿಲ್ಲ. ಸ್ವದೇಶಕ್ಕೆ ಮರಳಿ ಪೆಸ್ಟ್ ನಗರದ ಸಂತ ರೋಕಸ್ ಆಸ್ಪತ್ರೆಯಲ್ಲಿ ವೇತನವಿಲ್ಲದೆ ದುಡಿದರು. ಅಲ್ಲಿ ಆರು ವರ್ಷಗಳಲ್ಲಿ ನಡೆದ 933 ಹೆರಿಗೆಗಳಲ್ಲಿ ಬಾಣಂತಿ ಜ್ವರಕ್ಕೆ ಬಲಿಯಾದವರು 8 ಮಂದಿ. ಅವರಲ್ಲಿ ಲೋಪವಿರಲಿಲ್ಲವೆಂದು ಹೇಳಲಾಗದು. ತಮ್ಮ ಶೋಧನೆಯ ಗ್ರಂಥವನ್ನು ಹೊರತರಲು ಅವರು 1861ರವರೆಗೆ ತಡಮಾಡಿದರು. ಬಳಿಕ ವಿರೋಧಿಗಳನ್ನು ಕೊಲೆಗಾರರೆಂದು ಜರೆದು ಬಹಿರಂಗ ಪತ್ರಗಳನ್ನು ಬರೆದರು. ಸತ್ಯ ಅವರ ಪಕ್ಷದಲ್ಲಿದ್ದರೂ ಸೌಮ್ಯತೆ ಇರಲಿಲ್ಲ.

ಮನಸ್ಸಿನ ಸಮತೋಲ ತಪ್ಪಿದ ಅವರನ್ನು 1865ರ ಜುಲೈಯಲ್ಲಿ ವಿಯೆನ್ನಾದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಎರಡು ವಾರಗಳಲ್ಲೇ, ಆಗಸ್ಟ್ 13ರಂದು, ಗಾಯದ ನಂಜು ಮೈಗೆ ಏರಿ ಅವರು ತೀರಿಕೊಂಡರು. ಬದುಕಿಡೀ ಯಾವುದರೊಂದಿಗೆ ಹೋರಾಡಿದರೋ ಅದೇ ನಂಜಿಗೆ ಬಲಿಯಾದಾಗ ಅವರಿಗೆ 47 ವರ್ಷ. ಅದೇ ತಿಂಗಳಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಬಳಸಲಾರಂಭಿಸಿದ್ದರು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟರು.

ಇಂದು ತೀವ್ರ ನಿಗಾ ಘಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ತೀವ್ರ ಸಕ್ಕರೆ ಕಾಯಿಲೆಯುಳ್ಳವರು ಇರುತ್ತಾರೆ. ಅವರ ದೇಹಕ್ಕೆ ಸೋಂಕನ್ನು ಎದುರಿಸುವ ಬಲ ಕಡಿಮೆ. ಸೋಂಕು ತಜ್ಞರು ರಕ್ತ, ಮೂತ್ರಗಳನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿ, ಯಾವ ರೋಗಾಣುವಿಗೆ ಯಾವ ಔಷಧವೆಂದು ನಿರ್ಣಯಿಸುತ್ತಾರೆ. ಅಗತ್ಯ ಮುಗಿದ ಕೂಡಲೇ ಮೂತ್ರದ ನಳಿಕೆಯನ್ನು ತೆಗೆಸುತ್ತಾರೆ. ಔಷಧಕ್ಕೆ ಬಗ್ಗದ ರೋಗಾಣು ಕಂಡರೆ ರೋಗಿಯನ್ನು ಪ್ರತ್ಯೇಕಿಸುತ್ತಾರೆ. ಇವೆಲ್ಲಕ್ಕೂ ಮೊದಲ ಹೆಜ್ಜೆ ಕೈಗಳ ಶುದ್ಧಿಯೇ.

ಒಮ್ಮೆ ವ್ಯಾಧಿಸ್ಥರ ಅಭ್ಯಂಗನ ನೀಡಲು ಇಂತಹ ಘಟಕಕ್ಕೆ ಅವಸರದಲ್ಲಿ ಹೋದ ನಮ್ಮನ್ನು ಕಿರಿಯ ದಾದಿಯೊಬ್ಬರು ಬಾಗಿಲಲ್ಲೇ ತಡೆದು ಕೈ ತೊಳೆದು ಬರುವಂತೆ ಹೇಳಿದರು. ಕ್ಷಣಕಾಲ ನಮಗೆ ಅಸಮಾಧಾನವಾಯಿತು. ಪವಿತ್ರ ತೈಲವನ್ನು ಹಿಡಿದ ಕೈಗೂ ಈ ನಿಯಮವೇ ಎಂದೆನಿಸಿತು. ವಿಯೆನ್ನಾದ ಪ್ರಾಧ್ಯಾಪಕರಿಗೂ ಹೀಗೆಯೇ ಅನಿಸಿದ್ದಿರಬೇಕೆಂದು ನೆನೆದು ನಾವು ನಾಚಿದೆವು. ಸದುದ್ದೇಶವೊಂದರಿಂದಲೇ ಕೈ ಶುದ್ಧವಾಗುವುದಿಲ್ಲ.

ಪ್ರಿಯರೇ, ಆಸ್ಪತ್ರೆಯಲ್ಲಿರುವ ಬಂಧುಗಳನ್ನು ಕಾಣಲು ಹೋಗುವಾಗ ಗುಂಪುಗೂಡಿ ಹೋಗದಿರೋಣ. ಕೆಮ್ಮು, ಜ್ವರವಿದ್ದರೆ ಮನೆಯಲ್ಲೇ ಉಳಿದು ಪ್ರಾರ್ಥಿಸೋಣ. ಹಾಸಿಗೆಯ ಬಳಿಗೆ ಹೋಗುವ ಮುನ್ನ ಮತ್ತು ಬಂದ ಮೇಲೆ ಕೈ ತೊಳೆಯೋಣ. ಪಿಲಾತನಂತೆ ಹೊಣೆಯನ್ನು ಕಳೆದುಕೊಳ್ಳಲೆಂದಲ್ಲ, ಸೆಮ್ಮೆಲ್‌ವೈಸರಂತೆ ಅದನ್ನು ವಹಿಸಿಕೊಳ್ಳಲೆಂದು.