ಮಾಂಟೆಸ್ಸೊರಿ: ಕಲಿಯಲಾರರು ಎಂದು ಕೈಬಿಟ್ಟ ಮಕ್ಕಳ ಕೈಹಿಡಿದ ವೈದ್ಯೆ

ವಿಜಯವಾಡದಲ್ಲಿ ಅವರ ಹೆಸರಿನ ಮಹಿಳಾ ಕಾಲೇಜೇ ಇದೆ. ವಿಶಾಖಪಟ್ಟಣವಿರಲಿ, ಬೆಂಗಳೂರಿರಲಿ, ನರ್ಸರಿ ಶಾಲೆಗಳ ಬೋರ್ಡ್‌ಗಳಲ್ಲೂ ಅದೇ ಹೆಸರು. ಆದರೆ ಮರಿಯಾ ಮಾಂಟೆಸ್ಸೊರಿ ಅವರ ಕಲಿಕಾ ಪದ್ಧತಿಯ ಬೇರು ಇರುವುದು ಚುರುಕು ಮಕ್ಕಳ ನರ್ಸರಿಯಲ್ಲಲ್ಲ. ಬೆಳವಣಿಗೆ ನಿಧಾನವಾದ ಮಕ್ಕಳ ನಡುವೆ ಎಂಬುದು ಎಷ್ಟು ಪೋಷಕರಿಗೆ ಗೊತ್ತು?

1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಲ್ಲೆಯಲ್ಲಿ ಹುಟ್ಟಿದ ಮರಿಯಾ, 1896ರಲ್ಲಿ ರೋಮ್‌ನಲ್ಲಿ ವೈದ್ಯ ಪದವಿ ಪಡೆದರು. ಹೆಣ್ಣುಮಕ್ಕಳು ವೈದ್ಯರಾಗುವುದೇ ಅಪರೂಪವಾಗಿದ್ದ ಕಾಲವದು.

ಕೆಲಸದ ನಿಮಿತ್ತ ಮಾನಸಿಕ ಆಸ್ಪತ್ರೆಗಳಿಗೆ ಹೋದಾಗ, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನೂ ಅಲ್ಲೇ ಕೂಡಿಹಾಕಿದ್ದನ್ನು ಕಂಡರು. ಆಟಿಕೆ ಇಲ್ಲ, ಕೈಗೆ ಕೆಲಸವೂ ಇಲ್ಲ. ಇಟಾರ್ಡ್ ಮತ್ತು ಸೆಗ್ವಾನ್ ಎಂಬ ಫ್ರೆಂಚ್ ವೈದ್ಯರ ಬರಹಗಳನ್ನು ಓದಿದ ಮೇಲೆ ಅವರಿಗೆ ಒಂದು ವಿಷಯ ಖಚಿತವಾಯಿತು. ಈ ಮಕ್ಕಳಿಗೆ ಔಷಧಿಗಿಂತ ಹೆಚ್ಚಾಗಿ ಬೇಕಿರುವುದು ಕಲಿಕೆ. 1898ರಲ್ಲಿ ಟುರಿನ್‌ನ ಶಿಕ್ಷಣ ಸಮ್ಮೇಳನದಲ್ಲಿ ಅದನ್ನೇ ಮಂಡಿಸಿದರು.

1900ರಲ್ಲಿ ರೋಮ್‌ನಲ್ಲಿ ಇಂಥ ಮಕ್ಕಳಿಗಾಗಿಯೇ ಶುರುವಾದ ಶಾಲೆಯ ಹೊಣೆ ಹೊತ್ತರು. ಹಗಲಿಡೀ ಪಾಠ, ರಾತ್ರಿ ಮಕ್ಕಳ ಬಗ್ಗೆ ಟಿಪ್ಪಣಿ.

<b>ಹೊಲಿಗೆಗೆ ಮೊದಲು ಹೆಣಿಗೆ</b>

ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಎಷ್ಟು ಹೇಳಿಕೊಟ್ಟರೂ ಹೊಲಿಗೆ ಬರುತ್ತಿರಲಿಲ್ಲ. ಮಾಂಟೆಸ್ಸೊರಿ ಸೂಜಿ ಬದಿಗಿಡಿಸಿ, ಕಾಗದದ ಪಟ್ಟಿಗಳನ್ನು ಚಾಪೆಯಂತೆ ಹೆಣೆಯಲು ಕೊಟ್ಟರು. ಒಂದರ ಮೇಲೆ, ಇನ್ನೊಂದರ ಕೆಳಗೆ. ಅದು ಕೈಗೆ ಕೂತ ಮೇಲೆ ಸೂಜಿ ಕೊಟ್ಟರೆ, ಹುಡುಗಿ ಹೊಲಿದಳು! ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸುವ ಈ ಕ್ರಮವನ್ನು ಇಂದಿನ ಆಕ್ಯುಪೇಷನಲ್ ಥೆರಪಿಯಲ್ಲೂ ಕಾಣಬಹುದು.

ಅಲ್ಲಿನ ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಮಕ್ಕಳೊಂದಿಗೆ ಪರೀಕ್ಷೆ ಬರೆದು ಪಾಸಾದರು. ಊರೆಲ್ಲ ಬೆರಗಾಯಿತು. ಹಾಗಾದರೆ ಉಳಿದ ಮಕ್ಕಳನ್ನು ಹಿಂದಕ್ಕೆ ಎಳೆಯುತ್ತಿರುವುದೇನು ಎಂಬ ಪ್ರಶ್ನೆ ಮಾತ್ರ ಮಾಂಟೆಸ್ಸೊರಿಯನ್ನು ಕಾಡಿತು. 1907ರ ಜನವರಿ 6ರಂದು ಸ್ಯಾನ್ ಲೊರೆಂಜೊ ಬಡಾವಣೆಯ ಬಡಮಕ್ಕಳಿಗಾಗಿ ತೆರೆದ 'ಮಕ್ಕಳ ಮನೆ' ಅವರಿಗೆ ಜಗತ್ತಿನಾದ್ಯಂತ ಹೆಸರು ತಂದಿತು.

<b>ತಾಯಿಯ ನೋವು</b>

ಸಾವಿರಾರು ಮಕ್ಕಳಿಗೆ ದಾರಿ ತೋರಿದ ಇವರಿಗೆ ಸ್ವಂತ ಮಗನನ್ನು ಬೆಳೆಸುವ ಭಾಗ್ಯ ಇರಲಿಲ್ಲ. ಮದುವೆಯಿಲ್ಲದೆ 1898ರಲ್ಲಿ ಹುಟ್ಟಿದ ಮಾರಿಯೊ, ಹಳ್ಳಿಯ ಬೇರೊಂದು ಮನೆಯಲ್ಲಿ ಬೆಳೆದ. ಹದಿಹರೆಯದಲ್ಲಿ ತಾಯಿಯ ಬಳಿ ಬಂದವನು ಮತ್ತೆ ಅವರ ಜತೆ ಬಿಡಲಿಲ್ಲ.

1939ರಲ್ಲಿ ಇಬ್ಬರೂ ಮದ್ರಾಸಿನ ಅಡ್ಯಾರ್‌ಗೆ ಬಂದರು. ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷರು ಮಾರಿಯೊನನ್ನು ಬಂಧಿಸಿ, 1940ರಲ್ಲಿ ಮರಿಯಾ ಅವರ 70ನೇ ಹುಟ್ಟುಹಬ್ಬದ ಹೊತ್ತಿಗೆ ಬಿಡುಗಡೆ ಮಾಡಿದರು. ಯುದ್ಧ ಮುಗಿಯುವವರೆಗೂ ಭಾರತದಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟ ಮರಿಯಾ, 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ಕೊನೆಯುಸಿರೆಳೆದರು.

<b>ಪೋಷಕರೇ, ಕಾಯಬೇಡಿ</b>

ಮಗು ಕತ್ತು ನಿಲ್ಲಿಸುವುದು, ನಡೆಯುವುದು, ಮಾತಾಡುವುದು ತಡವಾದರೆ 'ತಾನಾಗೇ ಸರಿಹೋಗುತ್ತೆ' ಎಂದು ವರ್ಷಗಟ್ಟಲೆ ಕಾಯುವವರು ಇಂದಿಗೂ ಇದ್ದಾರೆ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ. ಅಗತ್ಯಕ್ಕೆ ತಕ್ಕಂತೆ ಸ್ಪೀಚ್ ಥೆರಪಿ, ಫಿಸಿಯೊಥೆರಪಿ, ಆಕ್ಯುಪೇಷನಲ್ ಥೆರಪಿ ಇವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಯೂ ಉಚಿತ.

ಪಕ್ಕದ ಮನೆ ಮಗುವಿನ ಜತೆ ಹೋಲಿಸುವುದನ್ನು ಬಿಟ್ಟು, ನಿಮ್ಮ ಮಗು ನಿನ್ನೆ ಮಾಡಲಾಗದ್ದನ್ನು ಇಂದು ಏನು ಮಾಡಿತು ಎಂದು ನೋಡಿ. ಮಾಂಟೆಸ್ಸೊರಿ ರಾತ್ರಿಯೆಲ್ಲ ಬರೆದಿಡುತ್ತಿದ್ದುದೂ ಅದನ್ನೇ.