ಮೇಡಮ್ ಸಿ. ಜೆ. ವಾಕರ್

ಮೇಡಮ್ ಸಿ. ಜೆ. ವಾಕರ್ (೨೩ ಡಿಸೆಂಬರ್ ೧೮೬೭ – ೨೫ ಮೇ ೧೯೧೯) ಕಪ್ಪುವರ್ಣೀಯ ಮಹಿಳೆಯರ ಗುಂಗುರು ಕೂದಲಿನ ಆರೈಕೆಯನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ಅಮೆರಿಕದ ಉದ್ಯಮಿ ಹಾಗೂ ದಾನಿ.

ಇವರ ಮೂಲ ಹೆಸರು ಸಾರಾ ಬ್ರೀಡ್‌ಲವ್. ಲೂಯಿಸಿಯಾನ ರಾಜ್ಯದ ಡೆಲ್ಟಾದಲ್ಲಿ ಜನಿಸಿದರು. ತಂದೆತಾಯಿಗಳು ಹತ್ತಿಯ ತೋಟದಲ್ಲಿ ಗುಲಾಮರಾಗಿದ್ದವರು. ಅವರ ಮಕ್ಕಳಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲನೆಯವರು ಸಾರಾ. ಏಳನೆಯ ವಯಸ್ಸಿನಲ್ಲಿ ಅನಾಥರಾದರು, ಹದಿನಾಲ್ಕರಲ್ಲಿ ವಿವಾಹವಾದರು. ಪತಿ ತೀರಿಕೊಂಡ ಬಳಿಕ ಪುಟ್ಟ ಮಗಳೊಂದಿಗೆ ಸೇಂಟ್ ಲೂಯಿಸ್ ನಗರಕ್ಕೆ ತೆರಳಿ, ಬಟ್ಟೆ ಒಗೆದು ಜೀವನ ಸಾಗಿಸಿದರು.

ನೆತ್ತಿಯ ರೋಗದಿಂದ ತಮ್ಮ ಕೂದಲೇ ಉದುರತೊಡಗಿದಾಗ ಪರಿಹಾರವನ್ನು ಅರಸಿದರು. ಕೆಲಕಾಲ ಆನಿ ಮಲೋನ್ ಅವರ ಕೇಶ ಉತ್ಪನ್ನಗಳನ್ನು ಮಾರಿದರು. ೧೯೦೬ರಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ವಿವಾಹವಾದ ನಂತರ ಪತಿಯ ಹೆಸರಿನಲ್ಲಿ ಸ್ವಂತ ಉದ್ಯಮವನ್ನು ನಡೆಸಿದರು. ತಲೆಯನ್ನು ಆಗಾಗ ತೊಳೆಯುವುದು, ನೆತ್ತಿಗೆ ಗಂಧಕ ಬೆರೆಸಿದ ಮುಲಾಮು ಹಚ್ಚುವುದು ಮತ್ತು ಬಿಸಿ ಬಾಚಣಿಗೆಯ ಬಳಕೆ ಇವರ ಪದ್ಧತಿಯ ಅಂಗಗಳು. ೧೯೧೦ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನೆಲೆಸಿ ಕಾರ್ಖಾನೆಯನ್ನು ಸ್ಥಾಪಿಸಿದರು. ಇವರಿಂದ ತರಬೇತಿ ಪಡೆದ ಸಾವಿರಾರು ಮಹಿಳೆಯರು ಸ್ವಂತ ದುಡಿಮೆಯಿಂದ ಬದುಕುವಂತಾಯಿತು.

ಬಿಸಿ ಬಾಚಣಿಗೆಯಿಂದ ಗುಂಗುರು ಕೂದಲನ್ನು ನೇರಗೊಳಿಸುವುದು ಬಿಳಿಯರ ಅನುಕರಣೆ ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಕೂದಲನ್ನು ನೇರಗೊಳಿಸುವುದಲ್ಲ, ನೆತ್ತಿಯ ಆರೋಗ್ಯವೇ ತಮ್ಮ ಗುರಿ ಎಂಬುದು ವಾಕರ್ ಅವರ ನಿಲುವಾಗಿತ್ತು.

ಕಪ್ಪುವರ್ಣೀಯರನ್ನು ಗುಂಪುಗೂಡಿ ಕೊಲ್ಲುವ ಕ್ರೌರ್ಯದ ವಿರುದ್ಧದ ಹೋರಾಟಕ್ಕೆ ೧೯೧೯ರಲ್ಲಿ ೫,೦೦೦ ಡಾಲರ್ ನೀಡಿದರು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಅರ್ವಿಂಗ್ಟನ್‌ನಲ್ಲಿ ನಿಧನರಾದರು.